ಕ್ಲೌಡ್ ಗೇಮಿಂಗ್‌ನಲ್ಲಿ ಲ್ಯಾಗ್: ನಿಮ್ಮ ಅನುಭವ ಹೇಳಿ

ಶಿವಮೊಗ್ಗದಿಂದ, ಪ್ರಶ್ನೆ:
ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. ತಮ್ಮನಿಗೆ ಅಂತ ಕ್ಲೌಡ್ ಗೇಮಿಂಗ್ ಹಾಕಿಸಿದೆ, ಅಂದ್ರೆ ಆಟ ನಡೆಯೋದು ದೂರದ ಸರ್ವರ್‌ನಲ್ಲಿ, ನಮಗೆ ಬರೋದು ಅದರ ಚಿತ್ರ. ಚಿತ್ರ ಚೆನ್ನಾಗೇ ಬರುತ್ತೆ. ಆದ್ರೆ ಬಟನ್ ಒತ್ತಿದ ಸ್ವಲ್ಪ ಹೊತ್ತಿಗೆ ಹೀರೊ ಹಾರ್ತಾನೆ, ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಾಗಿರುತ್ತೆ. 300 ಎಂಬಿಪಿಎಸ್ ಪ್ಲಾನ್ ತಗೊಂಡ್ರೆ ಸರಿಹೋಗುತ್ತಾ?

ಮೈಸೂರಿನಿಂದ:
ದಯವಿಟ್ಟು ಪ್ಲಾನ್ ಬದಲಿಸಬೇಡಿ, ನಾನು ಬದಲಿಸಿ ದುಡ್ಡು ಕಳಕೊಂಡಿದ್ದೀನಿ. ಜಿಫೋರ್ಸ್ ನೌ ಅನ್ನೋ ಕ್ಲೌಡ್ ಗೇಮಿಂಗ್ ಸೇವೆ 1080ಪಿ, ಸೆಕೆಂಡಿಗೆ 60 ಫ್ರೇಮ್‌ಗೆ (ಚಿತ್ರಕ್ಕೆ) ಕೇಳೋದೇ 25 ಎಂಬಿಪಿಎಸ್. ರಸ್ತೆ ಅಗಲ ಮಾಡಿದ್ರೆ ಊರು ಹತ್ತಿರ ಬರಲ್ಲ. ನೀವು ನೋಡಬೇಕಾದ್ದು ಪಿಂಗ್, ಅಂದ್ರೆ ಸಂದೇಶ ಸರ್ವರ್‌ಗೆ ಹೋಗಿ ವಾಪಸ್ ಬರೋಕೆ ಹಿಡಿಯೋ ಹೊತ್ತು. 80 ಮಿಲಿಸೆಕೆಂಡ್ ಒಳಗಿರಲೇಬೇಕು, 40ರ ಒಳಗಿದ್ರೆ ಒಳ್ಳೇದು.

ಮೊದಲು ನಿಮ್ಮ ರೂಟರ್‌ಗೇ ಪಿಂಗ್ ಮಾಡಿ ನೋಡಿ. ನನ್ನ ರೂಮಿಂದ ವೈಫೈನಲ್ಲಿ 3, 2, 4 ಅಂತ ಬರ್ತಾ ಇದ್ದಿದ್ದು ಇದ್ದಕ್ಕಿದ್ದಂತೆ 120, ಮತ್ತೆ 3. ಅಂದ್ರೆ ತೊಂದರೆ ಮನೆಯೊಳಗೇ ಇತ್ತು. ಬಾಗಿಲ ಚೌಕಟ್ಟಿನ ಮೇಲಿಂದ ಲ್ಯಾನ್ ಕೇಬಲ್ ಎಳೆದೆ. ಆಮೇಲೆ 1, 1, 1. ಯಾವಾಗಲೂ ಒಂದೇ ಸಮ ತಡವಾದ್ರೆ ಕೈ ಹೊಂದಿಕೊಳ್ಳುತ್ತೆ, ಹೀಗೆ ಏರಿಳಿದ್ರೆ ಎಷ್ಟು ಆಡಿದ್ರೂ ಹೊಂದಿಕೊಳ್ಳಲ್ಲ.

ಬೆಂಗಳೂರಿನಿಂದ, ನೆಟ್‌ವರ್ಕ್ ಕೆಲಸದಲ್ಲಿರೋನು:
ಮೈಸೂರಿನವರು ಹೇಳಿದ್ದು ಸರಿ. ಯೂಟ್ಯೂಬ್ ಮುಂದಿನ ದೃಶ್ಯ ಮೊದಲೇ ತಂದಿಟ್ಟುಕೊಳ್ಳುತ್ತೆ. ಮಾಮೂಲಿ ಆನ್‌ಲೈನ್ ಶೂಟಿಂಗ್ ಗೇಮ್‌ಗಳಲ್ಲಿ ನಿಮ್ಮ ಆಟಗಾರನನ್ನ ಮೊದಲು ನಿಮ್ಮ ಕಂಪ್ಯೂಟರೇ ನಡೆಸುತ್ತೆ, ಸರ್ವರ್ ಆಮೇಲೆ ಸರಿನೋಡುತ್ತೆ. ಅದಕ್ಕೇ ಅಲ್ಲಿ ಲ್ಯಾಗ್ ಅಷ್ಟು ಕಾಣಲ್ಲ. ಕ್ಲೌಡ್‌ನಲ್ಲಿ ನಿಮಗೆ ಬರೋದು ಬರೀ ವಿಡಿಯೊ. ಬಟನ್ ಒತ್ತಿದ್ದು ಸರ್ವರ್‌ಗೆ ಹೋಗಿ, ಚಿತ್ರ ತಯಾರಾಗಿ, ವಾಪಸ್ ಬಂದ್ಮೇಲೇ ಹೀರೊ ಅಲ್ಲಾಡೋದು. 60 ಫ್ರೇಮ್ ಅಂದ್ರೆ ಒಂದಕ್ಕೆ ಸುಮಾರು 17 ಮಿಲಿಸೆಕೆಂಡ್, ಹಾಗಾಗಿ 100 ತಡವಾದ್ರೆ ಆರು ಫ್ರೇಮ್ ಹೋಯ್ತು. ಸರ್ವರ್ ಸಾವಿರ ಕಿಲೋಮೀಟರ್ ದೂರ ಇದ್ರೆ ಫೈಬರ್‌ನಲ್ಲಿ ಹೋಗಿ ಬರೋಕೇ 10 ಮಿಲಿಸೆಕೆಂಡ್ ಬೇಕು, ಅದನ್ನ ಯಾವ ಪ್ಲಾನೂ ಕಡಿಮೆ ಮಾಡಲ್ಲ. ಇನ್ನೊಂದು, ಆಡುವಾಗ ಮನೇಲಿ ಯಾರ ಫೋನಾದ್ರೂ ಫೋಟೊ ಬ್ಯಾಕಪ್ ಮಾಡ್ತಿದ್ಯಾ ನೋಡಿ. ಅಪ್‌ಲೋಡ್ ತುಂಬಿದ್ರೆ ನಿಮ್ಮ ಬಟನ್ನೂ ಅದೇ ಕ್ಯೂನಲ್ಲಿ ನಿಲ್ಲಬೇಕು. ರೂಟರ್‌ನಲ್ಲಿ ಎಸ್‌ಕ್ಯೂಎಂ (ಈ ಕ್ಯೂ ಉದ್ದವಾಗದ ಹಾಗೆ ನೋಡಿಕೊಳ್ಳೋ ಸೆಟ್ಟಿಂಗ್) ಇದ್ರೆ ಆನ್ ಮಾಡಿ.

ಮ್ಯೂನಿಕ್‌ನಿಂದ:
2019ರಲ್ಲಿ ಗೂಗಲ್‌ನ ಕ್ಲೌಡ್ ಗೇಮಿಂಗ್ ಸೇವೆ ಸ್ಟೇಡಿಯಾ ಶುರುವಾದಾಗಿಂದ 2023ರ ಜನವರಿಯಲ್ಲಿ ಮುಚ್ಚೋವರೆಗೂ ಆಡಿದ್ದೀನಿ. ಅದರ ಕಂಟ್ರೋಲರ್ ವೈಫೈ ಮೂಲಕ ನೇರ ಸರ್ವರ್‌ಗೇ ಮಾತಾಡ್ತಿತ್ತು, ನನಗೆ ತುಂಬಾ ಇಷ್ಟವಾದ ಉಪಾಯ ಅದು. ಟಿವಿಯಲ್ಲಿ ಆಡೋದಾದ್ರೆ ಗೇಮ್ ಮೋಡ್ (ಟಿವಿ ಚಿತ್ರ ತೋರಿಸೋದನ್ನ ತಡಮಾಡದ ಹಾಗೆ ಮಾಡೋ ಸೆಟ್ಟಿಂಗ್) ಹಾಕೋದು ಮರೀಬೇಡಿ. ಆಟ ಯಾವುದು ಅನ್ನೋದೂ ಮುಖ್ಯ. ಕ್ಲೇಪೂಲ್ ಅನ್ನೋ ಸಂಶೋಧಕರು 2006ರಲ್ಲೇ ಬರೆದಿದ್ದರು: ಗುರಿಯಿಟ್ಟು ಹೊಡೆಯೋ ಆಟಕ್ಕೆ ಸುಮಾರು 100 ಮಿಲಿಸೆಕೆಂಡ್ ಮಿತಿ, ಮೇಲಿಂದ ನೋಡಿ ಸೈನ್ಯ ನಡೆಸೋ ಆಟಕ್ಕೆ ಒಂದು ಸೆಕೆಂಡ್‌ವರೆಗೂ ನಡೆಯುತ್ತೆ. ನಾನಂತೂ ಶೂಟಿಂಗ್ ಬಿಟ್ಟು ಸಿವಿಲೈಸೇಷನ್ ಅನ್ನೋ ನಿಧಾನದ ತಂತ್ರದ ಆಟಕ್ಕೆ ಬಂದೆ.

ಶಿವಮೊಗ್ಗದಿಂದ, ಮರುದಿನ:
ಎಲ್ರಿಗೂ ಧನ್ಯವಾದ. ಕೇಬಲ್ ಹಾಕಿದೆ, ಅಮ್ಮನ ಫೋನಿನ ಬ್ಯಾಕಪ್ ರಾತ್ರಿಗೆ ಇಟ್ಟೆ. ಪಿಂಗ್ ಈಗ 38ರ ಹತ್ತಿರ ನಿಂತಿದೆ. ತಮ್ಮ ಹಳ್ಳ ದಾಟಿದ.