ಸ್ಕಿಜೋಟೈಪಲ್ ಗುಣ: ‘ಹಿಡಿಯುವುದೋ’, ‘ಏರುವುದೋ’?

ಬಳಗದವರಿಗೆಲ್ಲ ನಮಸ್ಕಾರ.

ಮನೋವೈದ್ಯಕೀಯದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಾ ಮೂರು ದಿನದಿಂದ ಒಂದೇ ವಾಕ್ಯದ ಮುಂದೆ ಕೂತಿದ್ದೇನೆ. ಸ್ಕಿಜೋಟೈಪಲ್ ಗುಣಗಳು ಕೆಲವರಿಗಷ್ಟೇ ಇರುವಂಥವೋ, ಎಲ್ಲರಲ್ಲೂ ಒಂದಿಷ್ಟು ಇದ್ದು ಕೆಲವರಲ್ಲಿ ಜಾಸ್ತಿಯಾಗುವಂಥವೋ ಎಂಬ ವಾದ ಇನ್ನೂ ಬಗೆಹರಿದಿಲ್ಲ ಅನ್ನುವುದು ಅದರ ಸಾರ. ತಾಪತ್ರಯವೆಂದರೆ, ನಾನು ಯಾವ ಪದ ಹಾಕಿದರೂ ಅದು ಒಂದು ಕಡೆಗೆ ತೀರ್ಪು ಕೊಟ್ಟುಬಿಡುತ್ತಿದೆ.

ಗುಣ ಎಂಥದ್ದು ಅಂತ ಮೊದಲು ಹೇಳುತ್ತೇನೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಕಿಸಕ್ಕನೆ ನಕ್ಕರೆ, ನನ್ನನ್ನು ನೋಡಿಯೇ ನಕ್ಕರು ಅನ್ನಿಸುವುದು. ತಲೆಗೂದಲು ವಿಪರೀತ ಚಿಕ್ಕದಾಗಿ ಕತ್ತರಿಸಿಕೊಂಡ ದಿನ ನನಗೂ ಅನ್ನಿಸಿದ್ದುಂಟು. ಕೆಲವರಿಗೆ ಅದು ದಿನಾ ಅನ್ನಿಸುತ್ತದೆ, ಇಳಿದು ಮನೆಗೆ ಬಂದಮೇಲೂ ಬಿಡುವುದಿಲ್ಲ. ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ಇದ್ದಂತೆ ಭಾಸವಾಗುವುದು, ಮಾತು ಸುತ್ತಿ ಸುತ್ತಿ ಎಲ್ಲೋ ಹೋಗುವುದು, ವರ್ಷಗಟ್ಟಲೆ ಪರಿಚಯವಿದ್ದವರ ಎದುರೂ ಕಸಿವಿಸಿ ತೀರದಿರುವುದು, ಇವೂ ಅದೇ ಪಟ್ಟಿಯವು. ಹಲ್ಲಿ ಲೊಚಗುಟ್ಟಿತೆಂದು ‘ಕೃಷ್ಣ ಕೃಷ್ಣ’ ಅನ್ನುವ ಅಜ್ಜಿ ಇದರಲ್ಲಿ ಬರುವುದಿಲ್ಲ. ಸುತ್ತಲಿನವರೆಲ್ಲ ನಂಬುವುದನ್ನು ಅಮೆರಿಕದ ಮನೋವೈದ್ಯರ ರೋಗವಿಂಗಡಣೆಯ ಗ್ರಂಥವಾದ ಡಿಎಸ್‌ಎಂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪದಕ್ಕೆ ಬರೋಣ. ‘ಟೈಪ್’ ಇದೆಯಲ್ಲ ಎಂದು ಮೊದಲು ‘ಬಗೆ’, ‘ಮಾದರಿ’ ಎಂದೆಲ್ಲ ಬರೆದೆ. ಅದು ತಪ್ಪು. 1953ರಲ್ಲಿ ಮನೋವಿಶ್ಲೇಷಕ ಸ್ಯಾಂಡರ್ ರಾಡೋ ಈ ಪದ ಕಟ್ಟಿದ್ದು ಸ್ಕಿಜೋಫ್ರೇನಿಯಾದ (ಭ್ರಮೆ, ಇಲ್ಲದ ದನಿ ಕೇಳಿಸುವುದು ಮುಂತಾದವು ಕಾಡುವ ತೀವ್ರ ಮನೋರೋಗ) ‘ಫೀನೋಟೈಪ್’ ಎಂಬುದನ್ನು ಚಿಕ್ಕದು ಮಾಡಿ. ಅಂದರೆ ಒಳಗಿನ ಜೀನು ಹೊರಗೆ ಕಾಣಿಸಿಕೊಳ್ಳುವ ರೂಪ. ಸ್ಕಿಜೋಫ್ರೇನಿಯಾಕ್ಕೆ ಕನ್ನಡದಲ್ಲಿರುವ ‘ಛಿದ್ರಮನಸ್ಕತೆ’ಯನ್ನೂ ಕೈಬಿಟ್ಟಿದ್ದೇನೆ. ಅದನ್ನು ಓದಿದವರಲ್ಲಿ ಅರ್ಧಕ್ಕರ್ಧ ಜನ ‘ಒಬ್ಬರೊಳಗೆ ಇಬ್ಬರು’ ಎಂದುಕೊಳ್ಳುತ್ತಾರೆ. ಹಾಗಾಗಿ ಸ್ಕಿಜೋಟೈಪಲ್ ಹಾಗೆಯೇ ಇರಲಿ.

ಉಳಿದ ಪದಗಳೇ ಕಷ್ಟ. ‘ಲಕ್ಷಣ’ ಅಂದರೆ ಓದುಗರು ರೋಗಲಕ್ಷಣ ಅಂದುಕೊಳ್ಳುತ್ತಾರೆ, ಅಲ್ಲಿಗೆ ಅರ್ಧ ವಾದ ಮುಗಿಯಿತು. ‘ಪ್ರವರ್ಗ’ ಅಂದರೆ ನಮ್ಮವರಿಗೆ 2ಎ, 3ಬಿ ನೆನಪಾಗುತ್ತದೆ. ‘ನಿರಂತರತೆ’ ಕಾಲಕ್ಕೆ ಸಂಬಂಧಿಸಿದ್ದು, ಬಿಡುವಿಲ್ಲದ್ದು ಎಂದರ್ಥ. ಒಬ್ಬರಿಂದ ಇನ್ನೊಬ್ಬರಿಗೆ ಪ್ರಮಾಣ ಬದಲಾಗುತ್ತಾ ಹೋಗುವುದು ಅದರಲ್ಲಿ ಬರುವುದಿಲ್ಲ. ‘ಹೆಚ್ಚುಕಡಿಮೆ’ ಸರಿಹೋಗುತ್ತಿತ್ತು, ಆದರೆ ‘ಏನಾದರೂ ಹೆಚ್ಚುಕಡಿಮೆ ಆದರೆ?’ ಅಂದಾಗ ಅದರ ಅರ್ಥವೇ ಬೇರೆ!

ಆಮೇಲೆ ಹೊಳೆಯಿತು, ನಮ್ಮ ಕ್ರಿಯಾಪದಗಳಲ್ಲೇ ಈ ಎರಡು ಪಕ್ಷವೂ ಇವೆ. ಹುಚ್ಚು ‘ಹಿಡಿಯುತ್ತದೆ’. ಹಿಡಿಯಿತು ಅಥವಾ ಇಲ್ಲ, ನಡುವೆ ಏನಿಲ್ಲ. ಪಿತ್ತ ನೆತ್ತಿಗೆ ‘ಏರುತ್ತದೆ’. ಪಿತ್ತ ಎಲ್ಲರಲ್ಲೂ ಇರುವುದೇ, ಎಷ್ಟು ಮೇಲೆ ಹೋಯಿತು ಅನ್ನುವುದಷ್ಟೇ ಪ್ರಶ್ನೆ.

ಅಮೆರಿಕದ ಮನೋವಿಜ್ಞಾನಿ ಪಾಲ್ ಮೀಲ್ ‘ಹಿಡಿಯುವ’ ಪಕ್ಷದವರು. 1962ರ ಪ್ರಸಿದ್ಧ ಲೇಖನದಲ್ಲಿ ಆತ ಹೇಳಿದ್ದು, ಇದರ ಬುಡದಲ್ಲಿ ಹುಟ್ಟಿನಿಂದ ಬಂದ ಒಂದು ನರಸಂಬಂಧಿ ದೋಷವಿದೆ, ಅದು ಇದ್ದವರಿಗೆ ಇದೆ, ಇಲ್ಲದವರಿಗೆ ಇಲ್ಲ ಎಂದು. ಮುಂದೆ ಅಂಥವರು ನೂರಕ್ಕೆ ಸುಮಾರು 10 ಮಂದಿ ಎಂದು ಅಂದಾಜಿಸಿದರು; ಅವರಲ್ಲಿ ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ ಬರುವುದೇ ಇಲ್ಲ ಎಂದೂ ಸೇರಿಸಿದರು. ಆಕ್ಸ್‌ಫರ್ಡ್‌ನ ಮನೋವಿಜ್ಞಾನಿ ಗಾರ್ಡನ್ ಕ್ಲಾರಿಜ್ ‘ಏರುವ’ ಪಕ್ಷ. ಸಂಕೋಚ, ಆತಂಕಗಳ ಹಾಗೆ ಇದೂ ಎಲ್ಲರ ಸ್ವಭಾವದ ಒಂದು ಎಳೆ ಎನ್ನುವುದು ಅವರ ವಾದ. ವರ್ಗೀಕರಣ ಮಾಡುವವರಲ್ಲೂ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಾದ ಐಸಿಡಿ ಇದನ್ನು ಸ್ಕಿಜೋಫ್ರೇನಿಯಾದ ಗುಂಪಿನಲ್ಲಿಟ್ಟಿದೆ. 1980ರಿಂದ ವ್ಯಕ್ತಿತ್ವದ ತೊಂದರೆಗಳ ಸಾಲಿನಲ್ಲಿಟ್ಟಿದ್ದ ಡಿಎಸ್‌ಎಂ, 2013ರಲ್ಲಿ ಎರಡೂ ಕಡೆ ಹೆಸರು ಬರೆದು ಕೈತೊಳೆದುಕೊಂಡಿತು. ಅದರ ಪಟ್ಟಿಯ ಒಂಬತ್ತರಲ್ಲಿ ಐದು ಗುಣ ಕಂಡರೆ ರೋಗನಿರ್ಣಯ. ಹಾಗಾದರೆ ನಾಲ್ಕು ಇದ್ದವರು ಯಾರು?

ನನ್ನ ಒಲವು ಏರುವ ಕಡೆಗೇ, ಮುಚ್ಚಿಡುವುದಿಲ್ಲ. ಆದರೆ ಆಡುಮಾತು ನನ್ನನ್ನು ಎಚ್ಚರಿಸುತ್ತಿದೆ. ನಮ್ಮತ್ತೆ ‘ನಂಗೆ ಬಿಪಿ ಇದೆ ಕಣೋ’ ಅನ್ನುತ್ತಾರೆ. ಬಿಪಿ ಯಾರಿಗಿಲ್ಲ ಅತ್ತೆ? ಏರುವ ವಸ್ತುವನ್ನೂ ನಾವು ‘ಇದೆ’ ಅಂದು ಇದ್ದವರು, ಇಲ್ಲದವರು ಅಂತ ಪಾಲು ಮಾಡಿಬಿಡುತ್ತೇವೆ. ಗುಳಿಗೆ ಶುರು ಮಾಡಬೇಕೋ ಬೇಡವೋ ಅಂತ ಡಾಕ್ಟರು ಒಂದು ಕಡೆ ಗೆರೆ ಎಳೆಯಲೇಬೇಕು, ನಿಜ. ಆ ಗೆರೆ ರಕ್ತದಲ್ಲಿ ಇರುವುದಿಲ್ಲ.

ಸದ್ಯಕ್ಕೆ ಹೀಗೆ ಬರೆದುಕೊಂಡಿದ್ದೇನೆ: ‘ಸ್ಕಿಜೋಟೈಪಲ್ ಗುಣಗಳು ಇದ್ದವರದೇ ಒಂದು ಪ್ರತ್ಯೇಕ ಗುಂಪೋ, ಅಥವಾ ಎಲ್ಲರಲ್ಲೂ ಇದ್ದು ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟಕ್ಕೆ ಏರುವಂಥವೋ?’ ಉದ್ದವಾಯಿತು, ಗೊತ್ತು. ‘ಗುಂಪು’, ‘ಏರು’ ಇವೆರಡಕ್ಕೂ ಒಂದೊಂದೇ ಪದದ ನಾಮರೂಪ ಸಿಕ್ಕರೆ ಅಧ್ಯಾಯದ ತಲೆಬರಹಕ್ಕೂ ಆಗುತ್ತದೆ. ‘ಮಟ್ಟಸಾಲು’ ಎಂದು ಕಟ್ಟಿದರೆ ಕಿವಿಗೆ ಹೇಗೆ? ಮತ್ತೆ ಧಾರವಾಡ, ಕುಂದಾಪುರದ ಕಡೆಯವರು ಹೇಳಬೇಕು, ನಿಮ್ಮಲ್ಲಿ ‘ಹಿಡಿ’, ‘ಏರು’ ಬಿಟ್ಟು ಇದಕ್ಕೆ ಮೂರನೆಯ ಕ್ರಿಯಾಪದ ಇದೆಯೇ?