ಕಾಫಿಗೆ ಒಳ್ಳೆ ರೇಟ್ ಬಂತು, ನಿದ್ದೆ ಮಾತ್ರ ಹೋಯ್ತು

ಸುಂಟಿಕೊಪ್ಪದವ:
ಹೇಳ್ಕೊಳ್ಳೋಕೆ ನಾಚಿಕೆ ಆಗೋ ವಿಷಯ, ಮನೇಲಿ ಹೇಳಿದ್ರೆ ಬೈಸ್ಕೊಳ್ಬೇಕು ಅಂತ ಇಲ್ಲಿ ಹಾಕ್ತಿದೀನಿ. ನಮ್ದು ಆರೆಕರೆ ರೋಬಸ್ಟಾ ಕಾಫಿ, ಮಧ್ಯ ಮೆಣಸು. 2024ರ ಜನವರೀಲಿ ಕಣದಲ್ಲಿ ಒಣಗಿದ ಕೂಡ್ಲೆ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಆರು ಸಾವಿರದ ಚಿಲ್ರೆ ಅಂತ ಕೊಟ್ಬಿಟ್ಟೆ. ಮೂರೂವರೆ ಸಾವಿರಕ್ಕೆ ಕೊಟ್ಟ ಕಾಲಾನೂ ನೋಡಿದವ್ನು ನಾನು, ಸಾಲ ತೀರಿಸಿ ಬರ್ತಾ ಎರಡು ಕೆಜಿ ಪಂದಿ (ಹಂದಿ ಮಾಂಸ) ತಗೊಂಡು ಬಂದೆ, ಅಷ್ಟು ಖುಷಿ. ಏಪ್ರಿಲಲ್ಲಿ ಅದೇ ಚೆರಿ ಹತ್ತು ಸಾವಿರ ದಾಟ್ತು ನೋಡಿ! ಪಕ್ಕದ ತೋಟದವ್ರು ಮೂಟೆ ಇಟ್ಕೊಂಡಿದ್ರು, ಅಂಗಳಕ್ಕೆ ಹೊಸ ಜೀಪ್ ಬಂತು.

ಮುಂದಿನ ಸಲ ನಾನೂ ಹುಷಾರಾಗಿ ಇಟ್ಕೊಂಡೆ, 2025ರ ಮಳೆಗಾಲಕ್ಕೆ ರೇಟ್ ಬಿತ್ತು. ಕೊನೆಗೆ ಕೊಟ್ಟಿದ್ದು ಪಂದಿ ತಂದ ವರ್ಷಕ್ಕಿಂತ ಜಾಸ್ತಿಗೇ, ಆದ್ರೂ ಕಳ್ಕೊಂಡ ಹಾಗೇ ಅನ್ಸುತ್ತೆ. ಈಗ ರಾತ್ರಿ ಲಂಡನ್ ಮಾರ್ಕೆಟ್ಟಿನ ಕಾಫಿ ರೇಟ್ ನೋಡ್ದೆ ಮಲಗೋಕಾಗಲ್ಲ. ಇದೇನು ರೋಗ?

ಮಡಿಕೇರಿ ಚಳಿ:
ರೋಗ ಅಲ್ಲ ಅಣ್ಣ, ನಿಮ್ ಹಾಗೆ ತುಂಬಾ ಜನ ಇದಾರೆ. ದುಡ್ಡಿಗೂ ಖುಷಿಗೂ ಸಂಬಂಧ ಇಲ್ಲ ಅಂತ ಹೇಳೋರ ಮಾತು ನಂಬ್ಬೇಡಿ. ಕಾನೆಮನ್, ಡೀಟನ್ ಅಂತ ಇಬ್ರು ಸಂಶೋಧಕರು 2010ರಲ್ಲಿ ಅಮೆರಿಕದವ್ರ ಲೆಕ್ಕ ನೋಡಿ, ವರ್ಷಕ್ಕೆ 75,000 ಡಾಲರ್ ಆದ್ಮೇಲೆ ದಿನದ ಖುಷಿ ಏರಲ್ಲ ಅಂದಿದ್ರು, ವಾಟ್ಸಾಪಲ್ಲಿ ಓಡಾಡೋದು ಇದೇ. ಆದ್ರೆ 2021ರಲ್ಲಿ ಕಿಲ್ಲಿಂಗ್ಸ್‌ವರ್ತ್ ಅನ್ನೋರು ಜನರ ಫೋನಿಗೆ ಆಗಾಗ 'ಈಗ ಹೇಗಿದೀರ' ಅಂತ ಕಳಿಸಿ ನೋಡಿದ್ರೆ ಆದಾಯ ಏರಿದ ಹಾಗೆ ಖುಷಿನೂ ಏರ್ತಾನೇ ಇತ್ತು. ಆಮೇಲೆ ಕಾನೆಮನ್ನೂ ಅವ್ರೂ ಜಗಳ ಬಿಟ್ಟು ಒಟ್ಟಿಗೆ ಕೂತು 2023ರಲ್ಲಿ ಹೇಳಿದ್ದು, ಹೆಚ್ಚಿನವ್ರಿಗೆ ಏರುತ್ತೆ, ತೀರಾ ಬೇಜಾರಲ್ಲಿರೋ ಐದನೇ ಒಂದು ಪಾಲು ಜನಕ್ಕೆ ಮಾತ್ರ ಲಕ್ಷ ಡಾಲರ್ ಹತ್ರ ನಿಂತ್ಬಿಡುತ್ತೆ ಅಂತ.

ನಿಮ್ದು ಅದೂ ಅಲ್ಲ ಬಿಡಿ. ನಿಮ್ಗೆ ಹತ್ತಿರ ಇರೋದು ಈಸ್ಟರ್ಲಿನ್ ಅನ್ನೋ ಅರ್ಥಶಾಸ್ತ್ರಜ್ಞ 1974ರಲ್ಲಿ ಹೇಳಿದ್ದು: ಎಲ್ರ ಆದಾಯನೂ ಒಟ್ಟಿಗೆ ಏರಿದ್ರೆ ಖುಷಿ ಅಷ್ಟು ಏರಲ್ಲ, ಯಾಕಂದ್ರೆ ನಾವು ಅಳೆಯೋದು ಪಕ್ಕದವ್ರನ್ನ ನೋಡಿ. ಆ ಜೀಪ್ ಬರ್ದೇ ಇದ್ದಿದ್ರೆ ನೀವು ಆರಾಮಾಗಿ ಇರ್ತಿದ್ರಿ.

ತೋಟದ ರೈಟರ್:
ಓದಿ ನಗು ಬಂತು ಸಾರ್, ತಪ್ಪು ತಿಳ್ಕೋಬೇಡಿ. ಕಾಫಿ ರೇಟ್ ಡಬಲ್ ಆದಾಗ ತೋಟದ ಲೆಕ್ಕ ಬರೆಯೋ ನಮ್ಮ ಸಂಬಳ ಡಬಲ್ ಆಗ್ಲಿಲ್ಲ. ಆಳುಗಳ ಲೈನ್ ಮನೇಲಿ ಮಗುಗೆ ರಾತ್ರಿ ಜ್ವರ ಬಂದ್ರೆ ಮಡಿಕೇರಿಗೆ ಹೋಗೋ ಜೀಪ್ ಬಾಡಿಗೆ ಯಾರ ಹತ್ರ ಕೇಳೋದು ಅಂತ ಯೋಚ್ನೆ ಮಾಡೋರಿಗೆ ಐದು ಸಾವಿರ ಕೈಲಿದ್ರೆ ಅದೇ ನಿದ್ದೆ. ಹೋದ್ವರ್ಷ ಚೀಟಿ ದುಡ್ಡು ಬಂತು, ಅಂಗಡಿ ಬಾಕಿ ಎಲ್ಲ ತೀರಿಸ್ದೆ, ಆವತ್ತು ಬೆಳಗ್ಗೆ ಏಳೂವರೆ ತನಕ ಮಲಗಿದ್ದೆ, ಹಾಜ್ರಿ ಕರೆಯೋಕೆ ಲೇಟಾಗಿ ಬೈಸ್ಕೊಂಡೆ.

ಮಕ್ಕಂದೂರು ಕಡೆಯವ್ಳು:
ರೈಟರ್ ಹೇಳಿದ್ದು ಸರಿ. 2018ರ ಆಗಸ್ಟಲ್ಲಿ ನಮ್ಮ ತೋಟದ ಒಂದು ಬದಿ ಜಾರಿ ಹೋಯ್ತು, ಈಗ ಚೆರಿ ಎಷ್ಟಾದ್ರೂ ಆ ಕಡೆ ಗಿಡ ಇಲ್ಲ. ಹಾಗಂತ ರೇಟ್ ಬೇಡ ಅಂತೀನಾ, ಇಲ್ಲಪ್ಪ, ಉಳಿದಿದ್ದಕ್ಕೆ ಸ್ಪ್ರಿಂಕ್ಲರ್ ಹಾಕ್ಸಿದ್ದು ಅದೇ ದುಡ್ಡಲ್ಲಿ. ಈ ಮಾರ್ಚಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಕೈಕೊಟ್ರೂ ಹೆದ್ರಿಕೆ ಆಗ್ಲಿಲ್ಲ.

ಮಾರೋದಕ್ಕೆ ನಮ್ಮಪ್ಪ ಮೂರು ಪಾಲು ಮಾಡ್ತಿದ್ರು. ಕುಯ್ಲು ಆದ ತಕ್ಷಣ ಒಂದು, ಆಳುಗಳ ಲೆಕ್ಕ ಮುಗ್ಸೋಕೆ. ಗೊಬ್ಬರಕ್ಕೆ ಒಂದು. ಎಲ್ಲದಕ್ಕೂ ಟಾಪ್ ರೇಟ್ ಸಿಗ್ತಿರ್ಲಿಲ್ಲ, ಆದ್ರೆ 'ಛೆ' ಅನ್ನೋದೂ ಪೂರ್ತಿ ಒಂದೇ ಸಲ ಬರ್ತಿರ್ಲಿಲ್ಲ.

ಸುಂಟಿಕೊಪ್ಪದವ:
ಎಲ್ರಿಗೂ ಥ್ಯಾಂಕ್ಸ್. ರೈಟರ್ ಅವ್ರೆ, ನಾಚ್ಕೆ ಆಯ್ತು, ನಿಜ. ಹೆಂಡ್ತಿಗೂ ಗೊತ್ತಾಗಿದೆ, ರಾತ್ರಿ ಎಂಟಾದ್ರೆ ಫೋನ್ ಅಡುಗೆಮನೆ ಡಬ್ಬಿ ಹಿಂದೆ. ಅಕ್ಕ, ಒಂದೇ ಡೌಟು, ಮೂರನೇ ಪಾಲು ಯಾವಾಗ ಕೊಡ್ತಿದ್ರು? ರೇಟ್ ಎಷ್ಟಾದಾಗ?

ಮಕ್ಕಂದೂರು ಕಡೆಯವ್ಳು:
ನಮ್ಮ ಸ್ಕೂಲ್ ಫೀಸ್ ಕಟ್ಟೋ ಹಿಂದಿನ ದಿನ. ರೇಟ್ ಎಷ್ಟಿದ್ರೂ.