‘ಟ್ರೋಪ್’ಗೆ ‘ವರಸೆ’ ಅಂದರೆ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸನ್ನಿವೇಶಕ್ಕೆ ಇಂಗ್ಲಿಷಿನಲ್ಲಿ ‘ಟ್ರೋಪ್’ ಅಂತಾರಲ್ಲ, ಅದಕ್ಕೆ ಕನ್ನಡದಲ್ಲಿ ನನಗೊಂದು ಪದ ಬೇಕಾಗಿದೆ. ಅರ್ಧ ಸಿಕ್ಕಿದೆ ಅಂತಲೂ ಅನಿಸಿದೆ. ಅದು ನಿಲ್ಲುತ್ತದೋ ಬೀಳುತ್ತದೋ ನೀವು ಹೇಳಬೇಕು.

ಈ ಮಳೆಗಾಲ ಹಾಸನದ ನಮ್ಮ ಮನೆಯಲ್ಲಿ ಬರೀ ಪ್ರೇಮ ಕಾದಂಬರಿಗಳದ್ದೇ ಕಾರುಬಾರು. ಶುರು ಮಾಡಿದವಳು ನನ್ನ ಅಕ್ಕನ ಮಗಳು. ಇಲ್ಲೇ ಕಾಲೇಜಿಗೆ ಹೋಗುತ್ತಾಳೆ, ನಮ್ಮ ಜೊತೆಗೇ ಇದ್ದಾಳೆ. ಒಂದು ಭಾನುವಾರ ನನ್ನ ಫೋನಿಗೆ ಇಪ್ಪತ್ತು ಇಂಗ್ಲಿಷ್ ಕಾದಂಬರಿ ತುಂಬಿಸಿಕೊಟ್ಟಳು. ನಾನೇನು ಈ ದಾರಿಗೆ ಹೊಸಬಳಲ್ಲ. ಕಾಲೇಜು ದಿನಗಳಲ್ಲಿ ಬಾಡಿಗೆ ಲೈಬ್ರರಿಯಿಂದ ಮಿಲ್ಸ್ ಅಂಡ್ ಬೂನ್ ತಂದು, ಅಕೌಂಟೆನ್ಸಿ ಪುಸ್ತಕದೊಳಗೆ ಇಟ್ಟುಕೊಂಡು ಓದಿದವಳು. ಆಮೇಲೆ ಬಿಟ್ಟುಹೋಗಿತ್ತು. ಈಗ ಮತ್ತೆ ಹಿಡಿದರೆ ಕಥೆಗಳು ಹೆಚ್ಚುಕಡಿಮೆ ಅವೇ. ಅವುಗಳ ಬಗ್ಗೆ ಮಾತಾಡುವ ಭಾಷೆ ಮಾತ್ರ ಪೂರ್ತಿ ಬದಲಾಗಿದೆ.

ಮೊದಲು ‘ಯಾರು ಬರೆದಿದ್ದು?’ ಅಂತ ಕೇಳುತ್ತಿದ್ದೆವು. ಇವಳು ಕೇಳುವುದು, ‘ಚಿಕ್ಕಮ್ಮ, ಇದು ಯಾವ ಟ್ರೋಪು?’ ಉಪ್ಪಿನಕಾಯಿ ಬಾಟಲಿಯ ಮೇಲೆ ಏನೇನು ಹಾಕಿದೆ ಅಂತ ಬರೆದಿರುತ್ತಾರಲ್ಲ, ಹಾಗೆ ಈಗ ಪುಸ್ತಕದ ಪರಿಚಯದಲ್ಲೇ ಬರೆದುಬಿಡುತ್ತಾರೆ. ಇದರಲ್ಲಿ ಶತ್ರುಗಳು ಪ್ರೇಮಿಗಳಾಗುತ್ತಾರೆ. ಸುಳ್ಳು ಮದುವೆ ಇದೆ. ಹೋಟೆಲಿನಲ್ಲಿ ಒಂದೇ ಹಾಸಿಗೆ ಉಳಿದಿರುತ್ತದೆ. ಕಥೆ ಹಾಳಾಗುವುದಿಲ್ಲವಾ ಅಂದರೆ ಇಲ್ಲವಂತೆ. ಏನಾಗುತ್ತದೆ ಅನ್ನುವುದು ಗೊತ್ತಿರಲಿ, ಹೇಗಾಗುತ್ತದೆ ಅನ್ನುವುದಕ್ಕೆ ಓದುವುದು ಅಂತಾಳೆ. ರಾಮಾಯಣವನ್ನು ಹರಿಕಥೆಯಲ್ಲಿ ನೂರು ಸಲ ಕೇಳುವ ಊರಿನವರು ನಾವು, ಇದಕ್ಕೆ ಎದುರು ಮಾತಾಡುವ ಹಾಗಿಲ್ಲ.

ತೊಂದರೆ ಬಂದಿದ್ದು ನಮ್ಮ ಅತ್ತೆಯಿಂದ. ಸಕಲೇಶಪುರದ ಕಡೆಯವರು. ಎಪ್ಪತ್ತೆಂಟು ವರ್ಷ. ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ಸೂಜಿದಾರದಲ್ಲಿ ಹೊಲಿದು ಇಟ್ಟುಕೊಂಡವರು. ನಮ್ಮಿಬ್ಬರ ಮಾತು ಕೇಳಿ ಕೇಳಿ ಒಂದು ದಿನ, ‘ಅದೇನೇ ಅದು ಟ್ರೋಪು ಟ್ರೋಪು ಅಂತೀರಿ?’ ಅಂದರು. ಕನ್ನಡದಲ್ಲಿ ಒಂದು ಪದದಲ್ಲಿ ಹೇಳೋಣ ಅಂತ ಬಾಯಿ ತೆರೆದೆ. ಪದ ಬರಲಿಲ್ಲ.

‘ಸಿದ್ಧಸೂತ್ರ’ ಅನ್ನಬಹುದಿತ್ತು. ಆದರೆ ಅದು ಬೈಗುಳ. ‘ಸವಕಲು’ ಅಂತೂ ಇನ್ನೂ ದೊಡ್ಡ ಬೈಗುಳ. ಟ್ರೋಪ್ ಅನ್ನುವವರು ಬೈಯುತ್ತಿಲ್ಲ, ಇಷ್ಟಪಟ್ಟು ಹುಡುಕಿಕೊಂಡು ಹೋಗುತ್ತಿದ್ದಾರೆ. ಜಾನಪದ ಓದಿದವರು ಇಂಥದ್ದಕ್ಕೆ ‘ಆಶಯ’ ಅನ್ನುತ್ತಾರೆ. ಸರಿಯೇ, ಆದರೆ ಮನೆಯಲ್ಲಿ ಆಶಯ ಅಂದರೆ ಶುಭಾಶಯವೇ ನೆನಪಾಗುವುದು. ಹಾಡಿನವರ ‘ಮಟ್ಟು’ ನನಗೆ ಇಷ್ಟ. ‘ಅದೇ ಮಟ್ಟಿನಲ್ಲಿ ಇನ್ನೊಂದು ಹಾಡು’ ಅಂತಾರಲ್ಲ, ಅದು. ಆದರೆ ‘ಮಟ್ಟ’ದ ಜೊತೆ ಗೊಂದಲವಾಗುತ್ತದೆ.

ಹಳೆಯ ಕಾವ್ಯದವರ ‘ಕವಿಸಮಯ’ ತುಂಬಾ ಹತ್ತಿರ ಬಂತು. ಚಕೋರ ಬೆಳದಿಂಗಳು ಕುಡಿಯುತ್ತದೆ, ಹಂಸ ಹಾಲು ನೀರು ಬೇರೆ ಮಾಡುತ್ತದೆ, ಹೆಣ್ಣಿನ ಕಾಲು ತಾಕಿದರೆ ಅಶೋಕ ಹೂ ಬಿಡುತ್ತದೆ. ಇದನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಕವಿಗೂ ಓದುಗನಿಗೂ ಆಗಿರುವ ಒಪ್ಪಂದ ಅದು. ಇಲ್ಲಿ ‘ಸಮಯ’ ಅಂದರೆ ಒಪ್ಪಂದವೇ. ಹಿಮ ಬೀಳುವ ರಾತ್ರಿ ಹೋಟೆಲಿನಲ್ಲಿ ಒಂದೇ ಹಾಸಿಗೆ ಉಳಿದಾಗ, ‘ಅವನು ಕಾರಿನಲ್ಲಿ ಮಲಗಬಹುದಿತ್ತಲ್ಲ’ ಅಂತ ಕೇಳದಿರುವುದೂ ಅಂಥದ್ದೇ ಒಪ್ಪಂದ ಅಲ್ವಾ? ನಾನು ಖುಷಿಯಿಂದ ಹೇಳಿದೆ. ಹುಡುಗಿ ಕೇಳಿದಳು, ‘ಕವಿಸಮಯ ಅಂದ್ರೆ? ಕವಿಗೆ ಟೈಮ್ ಆಯ್ತಾ?’ ಅಲ್ಲಿಗೆ ಅದೂ ಬಿದ್ದುಹೋಯಿತು.

ಕೊನೆಗೆ ಉದಾಹರಣೆ ಕೊಟ್ಟು ವಿವರಿಸಿದೆ. ಅತ್ತೆ ಪೂರ್ತಿ ಕೇಳಿ, ‘ಓ, ವರಸೆ ಅನ್ನು. ಅದಕ್ಕೆ ಇಷ್ಟು ಕಷ್ಟ ಯಾಕೆ?’ ಅಂದರು.

ಮದುವೆಗೆ ಮುಂಚೆ ಅವರು ಮೂರು ವರ್ಷ ಸಂಗೀತ ಕಲಿತಿದ್ದರು. ಅವರ ತಲೆಯಲ್ಲಿದ್ದದ್ದು ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ. ಪುರಂದರದಾಸರು ಹಾಕಿಕೊಟ್ಟರು ಎನ್ನುವ ಪಾಠದ ಕ್ರಮ. ಮಾಯಾಮಾಳವಗೌಳ ರಾಗದಲ್ಲಿ ಸರಿಗಮ ಶುರುವಾದರೆ ಮುಂದಿನ ಸ್ವರ ಯಾವುದು ಅಂತ ಬೀದಿಯಲ್ಲಿ ಹೋಗುವವರಿಗೂ ಗೊತ್ತು. ಆದರೂ ಕೆಲವರ ಮನೆ ಮುಂದೆ ಕಾಲು ನಿಲ್ಲುತ್ತದೆ, ಕೆಲವರ ಮನೆ ಮುಂದೆ ಓಡುತ್ತದೆ.

ಆಮೇಲೆ ಯೋಚಿಸುತ್ತಾ ಹೋದಂತೆ ಈ ಪದ ಬಿಚ್ಚಿಕೊಳ್ಳುತ್ತಲೇ ಹೋಯಿತು. ಮೂಲ ಅರ್ಥ ಸಾಲು, ಕ್ರಮ. ವರಿಸೆ ಅಂತ ಬರೆಯುವವರೂ ಇದ್ದಾರೆ. ಕತ್ತಿವರಸೆ, ದೊಣ್ಣೆವರಸೆಯಲ್ಲಿ ಅದು ಕಲಿತ ಪಟ್ಟು. ಎದುರಾಳಿಗೂ ಗೊತ್ತಿರುವ ಪಟ್ಟು, ಆದರೂ ಹಾಕಿದ ರೀತಿಯಲ್ಲಿ ಗೆಲುವು. ‘ಅವನ ವರಸೆಯೇ ಬೇರೆ’ ಅಂದರೆ ನಡೆಯುವ ಧಾಟಿ. ಇಂಗ್ಲಿಷಿನ ಟ್ರೋಪ್ ಹುಟ್ಟಿದ್ದು ತಿರುವು, ತಿರುಗುವಿಕೆ ಎನ್ನುವ ಗ್ರೀಕ್ ಪದದಿಂದ. ಮೊದಲು ಅದು ಅಲಂಕಾರಶಾಸ್ತ್ರದ ಮಾತು. ನೇರ ಅರ್ಥದಿಂದ ಪದ ಬೇರೆ ಕಡೆ ತಿರುಗಿದರೆ ಅದು ಟ್ರೋಪ್, ನಮ್ಮವರ ಲಕ್ಷಣೆಯ ಪಕ್ಕದ ಮನೆ. ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸನ್ನಿವೇಶ ಎನ್ನುವ ಅರ್ಥ ಆಮೇಲೆ ಸೇರಿದ್ದು. ಅವರು ಪದವನ್ನು ಅಷ್ಟು ಎಳೆದಿದ್ದಾರೆ ಅಂದಮೇಲೆ ನಾವು ವರಸೆಯನ್ನು ಸ್ವಲ್ಪ ಎಳೆದರೆ ತಪ್ಪೇನು?

ಎಳೆದು ನೋಡಿದೆವು. ಶತ್ರುಗಳು ಪ್ರೇಮಿಗಳಾಗುವ ಕಥೆಗೆ ಹುಡುಗಿ ‘ಹಾವು ಮುಂಗುಸಿ ವರಸೆ’ ಅಂದಳು. ಅತ್ತೆ ಒಪ್ಪಲಿಲ್ಲ. ಹಾವು ಮುಂಗುಸಿ ಕೊನೆಗೂ ಮದುವೆಯಾಗುವುದಿಲ್ಲವಂತೆ. ಅವರು ಕೊಟ್ಟಿದ್ದು ‘ಎಣ್ಣೆ ಸೀಗೆಕಾಯಿ ವರಸೆ’. ಒಂದಕ್ಕೊಂದು ಆಗದು, ಆದರೆ ಎರಡೂ ಒಂದೇ ತಲೆಯ ಮೇಲೆ, ಒಂದೇ ಬಚ್ಚಲಲ್ಲಿ. ಇದಕ್ಕಿಂತ ಚೆನ್ನಾಗಿ ಹೇಳುವುದು ನನ್ನಿಂದ ಆಗದು. ಸುಳ್ಳು ಮದುವೆಗೆ ‘ನೆಪದ ಮದುವೆ’, ಆಸ್ತಿಗೋ ವೀಸಾಕ್ಕೋ ಕಾಗದ ಬರೆದುಕೊಂಡು ಆಗುವುದಕ್ಕೆ ‘ಕರಾರಿನ ಮದುವೆ’. ಇವೆರಡೂ ಬೇರೆ ಬೇರೆ, ಕಲಸಬಾರದು. ಸದಾ ಸಿಡುಕುವ ಗಂಡು, ಸದಾ ನಗುವ ಹೆಣ್ಣಿನ ಜೋಡಿಗೆ ‘ಸಿಡುಮೂತಿ ಚಿನಕುರಳಿ’. ಹಿಮದಲ್ಲಿ ಸಿಕ್ಕಿಕೊಳ್ಳುವುದು ನಮ್ಮ ಕಡೆ ಎಲ್ಲಿಂದ ಬರಬೇಕು? ಜುಲೈನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ನಿಂತರೆ ಸಕಲೇಶಪುರದಲ್ಲಿ ಯಾರು ಬೇಕಾದರೂ ಯಾರ ಜೊತೆ ಬೇಕಾದರೂ ಸಿಕ್ಕಿಕೊಳ್ಳಬಹುದು. ‘ಘಾಟಿ ಬಂದ್ ವರಸೆ’ ಅಂತ ಇಟ್ಟಿದ್ದೇವೆ. ಬಯಲುಸೀಮೆಯವರು ನಿಮ್ಮದನ್ನು ನೀವು ನೋಡಿಕೊಳ್ಳಿ.

ಒಂದೇ ಹಾಸಿಗೆಯ ವಿಷಯಕ್ಕೆ ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಮದುವೆಯಾಗಿ ಬಂದ ಮನೆಯಲ್ಲಿ ಹದಿನಾಲ್ಕು ಜನ. ರಾತ್ರಿಯಾದರೆ ನಡುಮನೆ ತುಂಬಾ ಸಾಲು ಹಾಸಿಗೆ. ‘ನಮಗೆ ಕಷ್ಟ ಇದ್ದಿದ್ದು ಒಂದೇ ಹಾಸಿಗೆ ಅಂತಲ್ಲ ಕಣೇ, ಒಂದು ಬಾಗಿಲು ಇಲ್ಲ ಅಂತ’ ಅಂದರು. ಹುಡುಗಿ ಕೂಡಲೇ ಫೋನಿನಲ್ಲಿ ಬರೆದುಕೊಂಡಳು.

ಸಿಕ್ಕಿಹಾಕಿಕೊಂಡಿದ್ದು ‘ಸ್ಲೋ ಬರ್ನ್’ ಹತ್ತಿರ. ನಾನೂರು ಪುಟದ ಪುಸ್ತಕದಲ್ಲಿ ಮುನ್ನೂರನೆಯ ಪುಟಕ್ಕೆ ಕೈ ಹಿಡಿದುಕೊಳ್ಳುತ್ತಾರಲ್ಲ, ಆ ಬಗೆ. ನನಗೆ ಜಾಸ್ತಿ ಇಷ್ಟವಾದದ್ದೂ ಇದೇ. ‘ಸಣ್ಣ ಉರಿ’ ಅಂತ ಅಡುಗೆಮನೆಯ ಮಾತು ಸಿದ್ಧವಾಗಿಯೇ ಇದೆ. ಸಣ್ಣ ಉರಿಯಲ್ಲಿಟ್ಟ ಹಾಲು ಕೆನೆ ಕಟ್ಟುತ್ತದೆ, ದೊಡ್ಡ ಉರಿಯಲ್ಲಿ ಉಕ್ಕಿ ಒಲೆ ಆರಿಸುತ್ತದೆ. ಆದರೆ ಉರಿ ಅಂದಕೂಡಲೇ ಹೊಟ್ಟೆಉರಿಯೂ ಎದ್ದು ಬರುತ್ತದೆ. ‘ಬೂದಿ ಮುಚ್ಚಿದ ಕೆಂಡ’ ಅಂದರೆ ಪ್ರೀತಿಯಲ್ಲ, ಊರಿನಲ್ಲಿ ಗಲಾಟೆ ಆಗುವ ಸೂಚನೆ. ಅತ್ತೆ ಮಾತ್ರ ಬಚ್ಚಲೊಲೆಯ ನೆನಪು ತೆಗೆದರು. ಕಾಫಿ ಗಿಡದ ಬೊಡ್ಡೆ ಒಂದನ್ನು ಸಂಜೆ ತಳ್ಳಿಟ್ಟರೆ ಜ್ವಾಲೆ ಕಾಣಿಸುವುದಿಲ್ಲ, ಬೆಳಗ್ಗೆ ಹಂಡೆಯ ನೀರು ಇನ್ನೂ ಬೆಚ್ಚಗಿರುತ್ತದೆ. ‘ಬೊಡ್ಡೆ ಬೆಂಕಿ’ ಅನ್ನೋಣವೆ? ಗ್ಯಾಸ್ ಗೀಸರ್ ಮನೆಯವರಿಗೆ ಅರ್ಥವಾಗದೇನೋ. ಸದ್ಯಕ್ಕೆ ಸಣ್ಣ ಉರಿಯೇ ಇರಲಿ ಅನಿಸುತ್ತದೆ.

ಇನ್ನೊಂದು, ಮುಕ್ಕಾಲು ಪುಸ್ತಕ ದಾಟಿದ ಮೇಲೆ ತಪ್ಪದೆ ಬರುವ ಅಗಲಿಕೆ. ಹುಡುಗಿ ಅದನ್ನು ‘ಥರ್ಡ್ ಆಕ್ಟ್ ಬ್ರೇಕಪ್’ ಅಂತಾಳೆ. ಮುನಿಸು ಅನ್ನೋಣವೆಂದರೆ ಅಲ್ಲ. ಮುನಿಸು ಅಂದರೆ ಬಂದು ಒಲಿಸಲಿ ಅಂತ ಮಾಡುವ ಕೋಪ. ಮುನಿದವಳು ಒಳಕೋಣೆಗೆ ಹೋಗುತ್ತಾಳೆ, ಬ್ರೇಕಪ್ ಆದವಳು ಬ್ಯಾಗ್ ತಗೊಂಡು ವಿಮಾನ ಹತ್ತುತ್ತಾಳೆ. ನಮ್ಮ ಕಾವ್ಯದವರು ಅಗಲಿಕೆಯ ಶೃಂಗಾರವನ್ನೇ ಪೂರ್ವರಾಗ, ಮಾನ, ಪ್ರವಾಸ, ಕರುಣ ಅಂತ ನಾಲ್ಕು ಮಾಡಿಟ್ಟಿದ್ದಾರೆ. ಮುನಿಸು ಅಲ್ಲಿನ ಮಾನ, ದೂರದೂರಿಗೆ ಹೋಗಿ ಅಗಲುವುದು ಪ್ರವಾಸ. ಬ್ಯಾಗ್ ಹಿಡಿದದ್ದು ಮಾನವೋ ಪ್ರವಾಸವೋ? ನಾನು ‘ವಿರಸ’ ಅಂದೆ. ‘ವಿರಸದ ಅಧ್ಯಾಯ ಬಂತು, ಇವತ್ತು ರಾತ್ರಿ ಮುಗಿಸಿಯೇ ಮಲಗೋದು’ ಅಂತ ಈಗ ನಮ್ಮನೆಯಲ್ಲಿ ಸಲೀಸಾಗಿ ನಡೆದಿದೆ.

ಅಂದಹಾಗೆ ‘ಪ್ರೇಮ ಕಾದಂಬರಿ’ ಎನ್ನುವುದೇ ಒಂದು ತಮಾಷೆ. ಕಾದಂಬರಿ ಅಂದರೆ ಏಳನೆಯ ಶತಮಾನದ ಸಂಸ್ಕೃತ ಕವಿ ಬಾಣನ ನಾಯಕಿಯ ಹೆಸರು. ನಾಗವರ್ಮ ಅವಳನ್ನು ಕನ್ನಡಕ್ಕೆ ಕರೆತಂದ. ಪ್ರೇಮಿಗಳು ಸತ್ತು, ಹುಟ್ಟಿ, ಮತ್ತೆ ಸೇರುವ ಕಥೆ. ಈಗಿನವರು ‘ಸೆಕೆಂಡ್ ಚಾನ್ಸ್’ ಅನ್ನುವುದು ಒಂದೇ ಜನ್ಮದ್ದು, ಬಾಣನದು ಜನ್ಮಾಂತರದ್ದು. ಆಮೇಲೆ ಮರಾಠಿಯವರೂ ನಾವೂ ಎಲ್ಲ ನಾವೆಲ್ಲುಗಳಿಗೂ ಅವಳ ಹೆಸರನ್ನೇ ಇಟ್ಟೆವು. ಪತ್ತೇದಾರಿ ಕಾದಂಬರಿ ಬರೆದವನೂ ಒಬ್ಬ ಪ್ರೇಮಿಯ ಹೆಸರು ಹೇಳಿಕೊಂಡೇ ಬರೆಯಬೇಕು. ಅತ್ತ ರೊಮ್ಯಾನ್ಸ್ ಪದದ್ದು ಇನ್ನೊಂದು ಕಥೆ. ಮೊದಲಿಗೆ ಅದು ಲ್ಯಾಟಿನ್ ಅಲ್ಲದ ಆಡುಮಾತಿನ ಹೆಸರು. ಆ ಮಾತಿನಲ್ಲಿ ಬರೆದ ಕಥೆಗಳಿಗೆ ಬಂತು, ಆ ಕಥೆಗಳ ತುಂಬಾ ಪ್ರೀತಿ ಇದ್ದಿದ್ದರಿಂದ ಪ್ರೀತಿಗೇ ಬಂತು. ನಮ್ಮ ಹಳೆಯ ಕವಿಗಳ ಲೆಕ್ಕದಲ್ಲಿ ಸಂಸ್ಕೃತದ ಹಾದಿಯ ಮಾರ್ಗವಲ್ಲ, ಆಡುಮಾತಿನ ದೇಸಿ. ಅಡಗಿಸಿಟ್ಟುಕೊಂಡು ಓದಿದ್ದಕ್ಕೆ ಈಗ ಬೇಜಾರಾಗುತ್ತದೆ.

ಈಗ ನನ್ನ ನಿಜವಾದ ಗೊಂದಲಕ್ಕೆ ಬರುತ್ತೇನೆ. ವರಸೆಗೆ ನಮ್ಮ ಕಡೆ ಇನ್ನೊಂದು ದೊಡ್ಡ ಅರ್ಥವಿದೆ, ನಂಟು. ‘ವರಸೆಯಲ್ಲಿ ಅವನು ನನಗೆ ಭಾವ ಆಗಬೇಕು’ ಅಂತೀವಿ. ಮದುವೆ ಮಾತು ಬಂದರೆ ಮೊದಲು ನೋಡುವುದೇ ವರಸೆ ಕೂಡುತ್ತದೋ ಇಲ್ಲವೋ ಅಂತ. ಇಂಗ್ಲಿಷ್ ಪುಸ್ತಕಗಳಲ್ಲಿ ಅಣ್ಣನ ಗೆಳೆಯನನ್ನು ಪ್ರೀತಿಸುವುದು ತುಂಬಾ ಓಡುವ ಸರಕು. ಅದಕ್ಕೆ ‘ಅಣ್ಣನ ಗೆಳೆಯನ ವರಸೆ’ ಅಂದೆ. ಅತ್ತೆ ಮುಖ ಸಿಂಡರಿಸಿದರು. ‘ಅಣ್ಣನ ಗೆಳೆಯ ವರಸೆಯಲ್ಲಿ ಅಣ್ಣನೇ ಅಲ್ವೇನೇ? ಛೀ.’ ನಿಜ. ನಮ್ಮ ಊರುಗಳಲ್ಲಿ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅಣ್ಣ ಅಂತಲೇ ಕರೆಯುತ್ತೇವೆ. ಅಲ್ಲಿ ರೋಮಾಂಚನವಾಗುವುದು ಇಲ್ಲಿ ಮುಜುಗರ. ಅದೇ ಅತ್ತೆ ಮಗ, ಮಾವನ ಮಗಳು ಅಂದರೆ ನಮ್ಮಲ್ಲಿ ಕೂಡುವ ವರಸೆ. ಅರ್ಧ ಸೀರಿಯಲ್ಲುಗಳು ಅದರ ಮೇಲೇ ನಿಂತಿವೆ. ಆ ಇಂಗ್ಲಿಷ್ ಓದುಗರಿಗೆ ಹೇಳಿದರೆ ಅವರು ಛೀ ಅಂತಾರೆ.

ಒಂದೇ ಪದಕ್ಕೆ ಕಥೆಯ ಪಟ್ಟು, ಮದುವೆಯ ನಂಟು ಎರಡೂ ಅರ್ಥ ಇರುವುದು ಪ್ರೇಮಕಥೆಯ ಚರ್ಚೆಯಲ್ಲಿ ಅನುಕೂಲವೋ ತೊಡಕೋ ನನಗೆ ತೀರ್ಮಾನ ಆಗುತ್ತಿಲ್ಲ. ಅನುಕೂಲ ಅಂತಲೇ ನನ್ನ ಮನಸ್ಸು ವಾಲುತ್ತಿದೆ. ಹುಡುಗಿಯ ಆಕ್ಷೇಪ ಬೇರೆ. ‘ಹೊಸ ವರಸೆ ತೆಗೆದ’ ಅಂದರೆ ಜಗಳಕ್ಕೆ ಬಂದ, ಮಾತು ತಪ್ಪಿದ ಅಂತ ಅವಳ ಕಿವಿಗೆ ಕೇಳಿಸುತ್ತದಂತೆ. ನಿಮ್ಮ ಕಡೆ ಹೇಗೆ? ಧಾರವಾಡ, ಕಲಬುರಗಿ, ಕರಾವಳಿಯವರು ಹೇಳಿ. ವರಸೆ ಅಂದಕೂಡಲೇ ನಿಮಗೆ ಮೊದಲು ಹೊಳೆಯುವುದು ಯಾವುದು, ಸಂಗೀತವೋ ಕತ್ತಿಯೋ ನೆಂಟರೋ ಜಗಳವೋ?

ಹಾಗೆಯೇ ಇಂಗ್ಲಿಷಿನಲ್ಲಿ ಹೆಸರಿಲ್ಲದ ನಮ್ಮದೇ ವರಸೆಗಳಿಗೂ ಹೆಸರು ಬೇಕು. ಅಕ್ಕನನ್ನು ನೋಡಲು ಬಂದವನು ಕಾಫಿ ತಂದ ತಂಗಿಯನ್ನು ಮೆಚ್ಚುವುದು. ಮಂಟಪದಲ್ಲಿ ಹೆಣ್ಣು ಬದಲಾಗುವುದು. ಚಿಕ್ಕಮಗಳೂರಿನಲ್ಲಿ ಎಸ್ಟೇಟ್ ಇರುವ, ಜೀಪ್ ಓಡಿಸುವ, ಮಾತು ಕಡಿಮೆಯ ನಾಯಕ. ಅತ್ತೆಯ ಹೊಲಿದ ಪುಸ್ತಕಗಳಲ್ಲಿ ಅವನು ಎಷ್ಟು ಸಲ ಬಂದಿದ್ದಾನೋ ಲೆಕ್ಕವಿಲ್ಲ. ಒಬ್ಬನಿಗೂ ಕಾಫಿಯ ಕಾಯಿಕೊರಕ ಹುಳುವಿನ ಚಿಂತೆ ಇಲ್ಲ, ಕೊಯ್ಲಿಗೆ ಆಳು ಸಿಗಲಿಲ್ಲ ಅನ್ನುವ ಮಾತಿಲ್ಲ. ತೋಟದ ಮನೆಯಲ್ಲಿ ಹುಟ್ಟಿದ ಅತ್ತೆ ಅವನಿಗೆ ಇಟ್ಟ ಹೆಸರು ‘ಸೊಸೈಟಿ ಸಾಲ ಇಲ್ಲದ ಸಾಹುಕಾರ’. ಸ್ವಲ್ಪ ಉದ್ದವಾಯಿತು. ಚಿಕ್ಕದು ಯಾರಿಗಾದರೂ ಹೊಳೆದರೆ ಕಳಿಸಿ.